ಉಸ್ತಾ ಜಗ್ಲೂಲರ ಸುಳ್ಳು ಕ್ಲಿಕ್ಕು

ಅಲೆಕ್ಸಾಂಡ್ರಿಯಾದ ಅತ್ತಾರೀನ್ ಬೀದಿಯಲ್ಲಿ ನಮ್ಮದು ಒಂದೇ ಅಂಗಡಿ. ಅರ್ಧದಲ್ಲಿ ನನ್ನ ಗಡಿಯಾರ ರಿಪೇರಿ, ಇನ್ನರ್ಧದಲ್ಲಿ ಉಸ್ತಾ ಜಗ್ಲೂಲರ ಕ್ಯಾಮೆರಾ ರಿಪೇರಿ. ಕೈಕಸುಬಿನಲ್ಲಿ ಪಳಗಿದವರನ್ನು ನಮ್ಮಲ್ಲಿ ಉಸ್ತಾ ಅನ್ನುತ್ತಾರೆ. ಇಪ್ಪತ್ತಾರು ವರ್ಷ ಈ ಮನುಷ್ಯನ ಹಟ ಸಹಿಸಿಕೊಂಡಿದ್ದಕ್ಕೆ ನನಗೆ ಯಾರೂ ಸನ್ಮಾನ ಮಾಡಿಲ್ಲ.

ಬೇಸಿಗೆಯಲ್ಲಿ ಅವರು ಸೀದಿ ಬಿಶ್ರ್ ಕಡಲತೀರದ ಫೋಟೋಗ್ರಾಫರ್. ಕೈರೋದಿಂದ ಬರುವ ಮೇಡಂ ಇನ್ಸಾಫರ ಕುಟುಂಬವನ್ನು ನಲವತ್ತೊಂದು ಬೇಸಿಗೆ ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ಮಡಚುವ ಕ್ಯಾಮೆರಾದಲ್ಲಿ ತೆಗೆದಿದ್ದರು. ಈ ವರ್ಷ ಮೇಡಂ ಕಡಲ ಪಕ್ಕದ ಫ್ಲ್ಯಾಟ್ ಮಾರಿಬಿಟ್ಟರು. ಕೊನೆಯ ಫೋಟೋ ಕೂಡ ಅದೇ ಕ್ಯಾಮೆರಾದಲ್ಲಿ ಆಗಬೇಕೆಂದು ಅವರ ಆಸೆ. ಆದರೆ ಅದಕ್ಕೆ ಬೇಕಾದ ಫಿಲ್ಮು ಈಗ ಸಿಗುವುದಿಲ್ಲ. ಸಿಕ್ಕರೂ ತೊಳೆದುಕೊಡುವ ಲ್ಯಾಬು ಊರಲ್ಲಿ ಒಂದೂ ಉಳಿದಿಲ್ಲ.

"ಫೋನಲ್ಲೇ ತೆಗೆದುಕೊಡಿ ಉಸ್ತಾ, ಕಥೆ ಮುಗೀತು," ಅಂದೆ.

"ಬದ್ರಾನ್, ನೀನು ಒಳ್ಳೆ ಕೀಲಿ ಗಡಿಯಾರದೊಳಗೆ ಬ್ಯಾಟರಿ ಮಷೀನು ತುರುಕ್ತೀಯೇನೋ?"

"ಗಿರಾಕಿ ಕೇಳಿದ್ರೆ ತುರುಕ್ತೀನಿ. ದಿನಾ ಅದೇ ತಾನೆ ಮಾಡ್ತಿರೋದು?"

"ಅದಕ್ಕೇ ನಿನ್ನ ಮುಖ ಹಂಗಿರೋದು."

ಹೀಗೆಂದವರೇ ಮರುದಿನ ಹಾಳಾದ ಡಿಜಿಟಲ್ ಕ್ಯಾಮೆರಾವೊಂದರ ಕರುಳು ಕಿತ್ತು ತಮ್ಮ ಕ್ಯಾಮೆರಾದ ಬೆನ್ನಿಗೆ ತುರುಕತೊಡಗಿದರು! ಐದು ತಿಂಗಳು ಅರ ಉಜ್ಜುವ ಸದ್ದು ಕೇಳಿ ಕೇಳಿ ನನಗೆ ತಲೆ ಚಿಟ್ಟುಹಿಡಿಯಿತು. ಫೋಕಸ್ ಕೂದಲೆಳೆಯಷ್ಟು ತಪ್ಪುತ್ತಿತ್ತು. ಫಿಲ್ಮಿನ ಜಾಗದಲ್ಲಿ ಕೂತ ಹೊಸ ಕಣ್ಣು ಚಿಕ್ಕದು, ಹಳೆಯ ದೂರದಲ್ಲಿ ನಿಂತರೆ ಬರೀ ಮೂಗು ಬರುತ್ತಿತ್ತು. ಎಲ್ಲಾ ಸರಿಹೋದ ಮೇಲೂ ಒಂದು ಫೋಟೋ ನುಂಗಿದರೆ ಜೀರ್ಣಿಸಿಕೊಳ್ಳಲು ಅದಕ್ಕೆ ಪೂರ್ತಿ ಒಂದು ನಿಮಿಷ ಬೇಕಾಗುತ್ತಿತ್ತು. ಬಂದಿದ್ದೇನೆಂದು ಅಂಗಡಿಯ ಕಂಪ್ಯೂಟರಿನಲ್ಲೇ ನೋಡಬೇಕು.

ಆಗಸ್ಟಿನಲ್ಲಿ ಒಂಬತ್ತು ಜನ ಮರಳಿನ ಮೇಲೆ ಸೆಟೆದು ನಿಂತರು. ಸಾಮಾನು ಹೊರಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ಉಸ್ತಾ ಲೆನ್ಸಿಗೆ ಅಂಗೈ ಅಡ್ಡ ಹಿಡಿದು ಒಮ್ಮೆ ಕ್ಲಿಕ್ಕಿಸಿದರು. ಅದು ಅವರ ಹಳೇ ಉಪಾಯ. ಫೋಟೋ ಆಯಿತೆಂದು ಜನ ಹೆಗಲು ಸಡಿಲಿಸಿ ನಗುತ್ತಾರೆ, ಆಗ ಕೈ ತೆಗೆದು ನಿಜವಾದದ್ದು ಹೊಡೆಯುತ್ತಾರೆ. ಕೈ ಅಡ್ಡ ಇದ್ದರೆ ಫಿಲ್ಮಿಗೆ ಬೆಳಕು ಅಷ್ಟಾಗಿ ತಾಗುತ್ತಿರಲಿಲ್ಲ, ಅದೇ ತುಂಡಿನ ಮೇಲೆ ಮತ್ತೆ ಹೊಡೆಯಬಹುದಿತ್ತು, ಏನೂ ನಷ್ಟವಿರಲಿಲ್ಲ. ಎಲ್ಲರೂ ನಕ್ಕರು. ಉಸ್ತಾ ಎರಡನೆಯದನ್ನು ಹೊಡೆದರು. ಮಧ್ಯಾಹ್ನದ ರೈಲಿಗೆ ಕುಟುಂಬ ಕೈರೋಗೆ ಹೊರಟುಹೋಯಿತು.

ಅಂಗಡಿಯಲ್ಲಿ ನೋಡಿದರೆ ಇದ್ದದ್ದು ಒಂದೇ ಫೋಟೋ. ಕೆಂಪು ಕತ್ತಲೆ, ನಾಲ್ಕು ಬೆರಳು, ಬೆರಳ ಸಂದಿಯಲ್ಲಿ ಬಿಸಿಲಿನ ಗೆರೆ. ಒಂಬತ್ತು ಜನ ನಗುವಾಗ ಆ ದರಿದ್ರ ಯಂತ್ರ ಅಂಗೈಯನ್ನು ಜೀರ್ಣಿಸಿಕೊಳ್ಳುತ್ತಿತ್ತು, ಎರಡನೆಯ ಕ್ಲಿಕ್ಕನ್ನು ಬಾಯಿಗೇ ಹಾಕಿಕೊಂಡಿರಲಿಲ್ಲ.

"ಇಲ್ಲಿ ನೂರು ಸಲ ಪರೀಕ್ಷೆ ಮಾಡಿದ್ರಲ್ಲಾ!" ನಾನು ಕೂಗಾಡಿದೆ.

"ಇಲ್ಲಿ ಯಾರನ್ನ ನಗಿಸ್ಬೇಕಿತ್ತು? ನಿನ್ನನ್ನಾ?"

ಅಷ್ಟರಲ್ಲಿ ಮೇಡಂ ಇನ್ಸಾಫರದೇ ಫೋನು.

"ಮೇಡಂ, ಫೋಟೋದಲ್ಲಿ ನೀವ್ಯಾರೂ ಬಂದಿಲ್ಲ," ಅಂದರು ಉಸ್ತಾ. "ನನ್ನ ಅಂಗೈ ಬಂದಿದೆ."

ಆ ಕಡೆಯಿಂದ ಮುದುಕಿಯ ದನಿ ನನಗೂ ಕೇಳಿಸಿತು. "ಅದನ್ನೇ ಕಳ್ಸಿ ಉಸ್ತಾ. ನಲವತ್ತೊಂದು ಫೋಟೋದಲ್ಲಿ ನೀವೊಬ್ರೇ ಇರ್ಲಿಲ್ಲ."

ಉಸ್ತಾ ಫೋನು ಕೆಳಗಿಟ್ಟರು.

"ಕಳ್ಸಿಬಿಡಿ," ಅಂದೆ. "ಅವರಿಗೆ ಖುಷಿ ಆಗುತ್ತೆ."

"ಖುಷಿಯಂತೆ!" ಉಸ್ತಾ ಹರಿಹಾಯ್ದರು. "ನನ್ನ ಕೈ ಅಡ್ಡ ಬರ್ಬಾರ್ದು ಅಂತಾನೇ ನಲವತ್ತೊಂದು ವರ್ಷ ಕೆಲ್ಸ ಮಾಡ್ದೆ ಕಣೋ. ಇನ್ಮೇಲೆ ಅವ್ರ ಗೋಡೆ ಮೇಲೆ ಅದೇ ಇರುತ್ತೆ."