ಯಂಕಮ್ಮನನ್ನು ಒಳಗೆ ಕರೆದ ಅತ್ತೆ

ಮೊನ್ನೆ ಬಸ್ಸಿನಲ್ಲಿ ಪಕ್ಕದ ಹೆಂಗಸು ಹತ್ತಿಗೆ ಲವಂಗದೆಣ್ಣೆ ಅದ್ದಿ ನೋಯುವ ಹಲ್ಲಿಗೆ ಒತ್ತಿಕೊಂಡಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಸಿಂಧನೂರಿನಲ್ಲಿ ನಾನು ಇಳಿಯಬೇಕಾದ ಸ್ಟಾಪು ಹಿಂದೆ ಸರಿದುಹೋಗಿತ್ತು. ನಗಬೇಡಿ, ನನ್ನ ವಯಸ್ಸಿಗೆ ಬಂದಾಗ ನೀವೂ ಹೀಗೆ ದಾಟಿ ಹೋಗುತ್ತೀರಿ. ಆ ವಾಸನೆ ಜವಳಗೇರಾದ ಸಾರಮ್ಮತ್ತೆಯದು.

ಸಾರಮ್ಮತ್ತೆ ನನ್ನ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಸರಕಾರಿ ದವಾಖಾನೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಊರ ಹೆಣ್ಣುಮಕ್ಕಳಿಗೆಲ್ಲ ಹೆರಿಗೆ ಮಾಡಿಸಿದ ಗಟ್ಟಿಗಿತ್ತಿ, ತನ್ನ ಹುಳುಕು ಹಲ್ಲು ಕೀಳಿಸಿಕೊಳ್ಳಲು ಮಾತ್ರ ಹೆದರಿ ಲವಂಗದೆಣ್ಣೆಯಲ್ಲೇ ದಿನ ನೂಕುತ್ತಿದ್ದಳು. ಮುಂಜಾನೆ ಒಲೆಯ ಮುಂದೆ ಕೂತು ಗಟ್ಟಿಯಾಗಿ ಪ್ರಾರ್ಥನೆ ಮಾಡುವಳು. ದೇವರಿಗೆ ಕಿವಿ ಮಂದವಿರಬೇಕು ಎಂದು ರಜೆಗೆ ಬಂದ ನಾನು ಚಾದರದೊಳಗೇ ನಗುತ್ತಿದ್ದೆ.

ನಾನು ಕಾಲೇಜಿನಲ್ಲಿದ್ದ ವರ್ಷ ಅತ್ತೆಯ ಓಣಿಯ ಯಂಕಮ್ಮನ ಮೇಲೆ ಸುದ್ದಿ ಎದ್ದಿತು. ಗಂಡ ಸತ್ತವಳು, ಭತ್ತದ ನಾಟಿಗೆ ಕೂಲಿ ಹೋಗುತ್ತಿದ್ದಳು. ಪಕ್ಕದ ಮನೆಯ ಕೂಸಿಗೆ ಜ್ವರ ಇಳಿಯಲೊಲ್ಲದು. ಇವಳೇ ಭಾನಾಮತಿ ಮಾಡಿದ್ದಾಳೆ ಎಂದರು. ಮಾಟ ಮಾಡುವವರ ಹಲ್ಲು ಕಿತ್ತರೆ ಮಂತ್ರ ತೊದಲಿ ಕೆಡುತ್ತದೆಂಬುದು ನಮ್ಮ ಕಡೆಯ ಹಳೆಯ, ಕ್ರೂರ ನಂಬಿಕೆ. ನಾನು ರಜೆಗೆ ಬಂದಿದ್ದ ಒಂದು ಮಧ್ಯಾಹ್ನ ಯಂಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತೆಯ ಬಾಗಿಲಿಗೆ ಓಡಿಬಂದಳು. ಅತ್ತೆ ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಹಿಂದೆಯೇ ಐದಾರು ಗಂಡಸರು. ಕೂಸಿನ ಅಪ್ಪನ ಕೈಯಲ್ಲಿ ಇಕ್ಕಳ.

"ಆಕಿನ್ನ ಹೊರಗ ಕಳಸ್ರೀ, ನರ್ಸಮ್ಮಾರ. ನಿಮ್ಮ ಯೇಸುಸ್ವಾಮಿಗೆ ಇದರಾಗ ಏನ್ ಸಂಬಂಧ?" ಎಂದ ಆತ.

"ಇದರಾಗ ಇಲ್ಲಂದ್ರ ಇನ್ಯಾತರಾಗ ಐತಿ ತಮ್ಮಾ?" ಅತ್ತೆ ಹೊಸ್ತಿಲ ಮೇಲೆ ಕೂತೇಬಿಟ್ಟಳು. "ನಾನೂ ದಿನಾ ಮುಂಜಾನೆ ಮಂತ್ರ ಅಂತೀನಿ, ಓಣಿಗೆಲ್ಲ ಕೇಳಸ್ತೈತಿ. ಮೊದಲ ನನ್ನ ಹಲ್ಲು ಕೀಳು."

ಬಾಯಿ ತೆರೆದಳು. ಬೆನ್ನ ಹಿಂದೆ ನಿಂತಿದ್ದ ನನಗೆ ಅವಳ ಕುತ್ತಿಗೆ ನಡುಗುವುದು ಕಾಣುತ್ತಿತ್ತು.

ಆತನ ಕೈ ಇಳಿಯಿತು. "ನನ್ನ ಕೂಸು ಸಾಯಾಕತ್ತೈತ್ರೀ" ಎಂದು ಅಳತೊಡಗಿದ.

"ಅದನ್ನ ಮೊದಲ ಹೇಳಬಾರದೇನು? ಕೂಸಿನ್ನ ತಗೊಂಡ್ ಬಾ. ಸಿಂಧನೂರು ದವಾಖಾನಿಗೆ ನಾನೂ ಬರ್ತೀನಿ."

ಕೂಸು ಬದುಕಿತು. ಆದರೆ ಊರಿನ ತರ್ಕ ನೋಡಿ: ಹೆದರಿ ಯಂಕಮ್ಮನೇ ಮಾಟ ವಾಪಸು ತೆಗೆದಿದ್ದಾಳೆ ಎಂದರು! ಅವಳು ಅತ್ತೆಯ ಮನೆಯಲ್ಲೇ ಉಳಿದಳು. ಅಲ್ಲಿಗೆ ಜನ ಬರುವುದು ನಿಂತಿತು. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಬಂದರು, ಅದೂ ಒಳಗೆ ಕಾಲಿಡದೆ. "ನಾವು ನಾಲ್ಕು ಮನಿ ಮಂದಿ ಅಕ್ಕಾ, ಊರಾಗ ಬಾಳೇವು ಮಾಡಬೇಕು. ಆಕಿ ನಮ್ಮಾಕೀನೂ ಅಲ್ಲ."

"ನಮ್ಮಾಕಿ ಹೌದೋ ಅಲ್ಲೋ ಕೇಳಿ ಬಾಗಿಲ ತೆಗಿ ಅಂತ ಸ್ವಾಮಿ ನನಗ ಹೇಳಿಲ್ಲಪಾ" ಎಂದಳು ಅತ್ತೆ.

ಆ ಕ್ರಿಸ್ಮಸ್ಸಿಗೆ ಓಣಿಗೆಲ್ಲ ಹಂಚಲು ಕರಜಿಕಾಯಿ ಮಾಡಿದಳು. ಯಾರೂ ಬಾಗಿಲು ತೆರೆಯಲಿಲ್ಲ. ಮೆತ್ತಗಾಗುವವರೆಗೂ ನಾವು ಮೂವರೇ ತಿಂದೆವು.

"ಅತ್ತಿ, ಬ್ಯಾಸರ ಆಗಂಗಿಲ್ಲೇನು?"

"ಆಗತೈತವ್ವಾ, ಭಾಳ ಆಗತೈತಿ. ಆದ್ರ ಆಕಿ ಒಬ್ಬಾಕೀನ ಒಂಟಿ ಆಗೂದಕ್ಕಿಂತ ಇಬ್ರೂ ಕೂಡಿ ಒಂಟಿ ಆಗೂದು ಚಲೋ."

ಮುಂದೆ ಯಂಕಮ್ಮ ಲಿಂಗಸುಗೂರಿನ ತಂಗಿಯ ಮನೆ ಸೇರಿದಳು. ಅತ್ತೆಯ ಮನೆಗೆ ಬರುವುದು ಬಿಟ್ಟವರು ಮಾತ್ರ ಮರಳಲಿಲ್ಲ. ಅತ್ತೆ ತೀರಿಕೊಂಡ ದಿನ ಮಣ್ಣು ಹಾಕಿದವರಲ್ಲಿ ಊರಿನವರು ಕಡಿಮೆ. ಲಿಂಗಸುಗೂರಿನಿಂದ ಬಂದ ಯಂಕಮ್ಮ ಕೊನೆಯವರೆಗೂ ನಿಂತಿದ್ದಳು.

ಇದನ್ನೆಲ್ಲ ನೆನೆಯುತ್ತ ಮೊನ್ನೆ ಬಿಸಿಲಲ್ಲಿ ಹಿಂದಕ್ಕೆ ನಡೆದು ಮನೆ ತಲುಪಿದಾಗ ಕಟ್ಟೆಯ ಮೇಲೆ ಶಾಹಿನಾ ಕೂತಿದ್ದಳು. ನಮ್ಮ ಸಭೆಯ ದೊಡ್ಡ ಮನುಷ್ಯರೊಬ್ಬರ ಮನೆಯಲ್ಲಿ ಕೆಲಸಕ್ಕಿರುವವಳು. ತೋಳಿನ ತುಂಬ ಅವರು ಹೊಡೆದ ಬಾಸುಂಡೆ. "ಠಾಣೆಕ್ಕ ಹೋಗಬೇಕಮ್ಮಾ. ಕೂಡ ಯಾರೂ ಬರವಲ್ರು" ಎಂದಳು. ನನಗೂ ಹೆದರಿಕೆಯಾಯಿತು. ಈ ಊರಲ್ಲಿ ನನಗಿರುವ ಬಳಗವೆಂದರೆ ಆ ಸಭೆಯೊಂದೇ. ಚಪ್ಪಲಿ ಬಿಟ್ಟಿರಲಿಲ್ಲ, ಹಾಗೇ ಅವಳ ಜೊತೆ ತಿರುಗಿ ನಡೆದೆ.

"ಈಕಿ ನಿಮಗ ಏನಾಗಬೇಕ್ರೀ?" ಎಂದು ಠಾಣೆಯಲ್ಲಿ ಕೇಳಿದರು.

"ಏನೂ ಆಗಬೇಕಿಲ್ಲ. ಕೂಡ ಬಂದೀನಿ" ಎಂದೆ.

ಸಭೆಯವರ ಫೋನು ಅಂದಿನಿಂದ ನಿಂತಿದೆ. ಸಂಜೆ ಮನೆ ಭಣಗುಡುತ್ತದೆ. ನಡುಮನೆಯಲ್ಲಿ ಶಾಹಿನಾ ನಿದ್ದೆ ಹೋಗಿದ್ದಾಳೆ. ಅವಳಿಗೆ ಎಚ್ಚರವಾಗದಂತೆ, ಮೆಲ್ಲಗೆ, ಇಬ್ಬರಿಗಾಗುವಷ್ಟು ಅಕ್ಕಿ ತೊಳೆಯುತ್ತಿದ್ದೇನೆ.