ಮಂಜೂರಾಗಿದೆ, ಕೆಲಸ ಬಾಕಿ

ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೆಂಟು ವರ್ಷ ಪೈಪುಗಳ ನಕ್ಷೆ ಬರೆದವಳಿಗೆ ಗೆರೆಯಮ್ಮ ಎಂಬ ಹೆಸರು ಬಾರದೆ ಇನ್ನೇನು ಬರಬೇಕು? ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ನಿವೃತ್ತಿಯಾದ ದಿನ ಅದೂ ಪುಸ್ತಕದ ಜೊತೆ ಬೀರು ಸೇರಿತು. ಬೀದಿಯಲ್ಲಿ ನಡೆಯುವಾಗ ಉಳಿದವರು ಅಂಗಡಿ ನೋಡಿದರೆ ಗೆರೆಯಮ್ಮ ನೆಲ ನೋಡುತ್ತಿದ್ದಳು. "ಆರಂಗುಲದ್ದು ಇಲ್ಲಿ ಎಡಕ್ಕೆ ತಿರುಗುತ್ತೆ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುವಳು. ಏನೋ ಕಳೆದುಕೊಂಡಿದ್ದಾಳೆಂದು ಎದುರಿಗೆ ಬಂದವರು ತಾವೂ ಬಗ್ಗಿ ಹುಡುಕಿದ್ದುಂಟು.

ನಿವೃತ್ತಿಯ ನಂತರ ಎರಡು ತಿಂಗಳು ಮನೆಯಲ್ಲಿ ಕೂತು ಅಡುಗೆಮನೆಯ ಡಬ್ಬಗಳನ್ನು ನಾಲ್ಕು ಸಲ ಜೋಡಿಸಿದಳು. ಐದನೆಯ ಸಲಕ್ಕೆ ಕೈ ಹಾಕಿದಾಗ, ಮೂಲೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಸೋದರಳಿಯನಿಗೆ ತಡೆಯಲಾಗಲಿಲ್ಲ.

"ಅತ್ತೆ, ಆ ಡಬ್ಬಗಳಿಗೂ ಸ್ವಲ್ಪ ಪುರುಸೊತ್ತು ಕೊಡಿ. ನನ್ನ ಅಂಗಡೀಲಿ ಒಂದು ಕಂಪ್ಯೂಟರ್ ಸುಮ್ನೆ ಕೂತಿದೆ. ನೀವೂ ಸುಮ್ನೆ ಕೂತಿದೀರ. ಇಬ್ರೂ ಒಟ್ಟಿಗೆ ಕೂತ್ಕೊಳ್ಳಿ."

ಆ ಕಂಪ್ಯೂಟರಿನಲ್ಲಿ ವಂಶವೃಕ್ಷ ಬಿಡಿಸುವ ಸಾಫ್ಟ್‌ವೇರ್ ಇತ್ತು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಜೋಡಿಯ ನಡುವೆ ಒಂದು ಗೆರೆ. ಗೆರೆಯ ಮೇಲೆ ಒತ್ತಿದರೆ ಇವರು ಎಂಥ ಜೋಡಿ ಎಂದು ಕೇಳುವ ಪಟ್ಟಿ ತೆರೆದುಕೊಳ್ಳುತ್ತಿತ್ತು. ಮದುವೆಯಾದವರಿಗೆ ಪೂರ್ತಿ ಗೆರೆ. ಬೇರೆಯಾಗಿ ವಾಸಿಸುವವರಿಗೆ ಅದೇ ಗೆರೆಯ ಮೇಲೆ ಒಂದು ಓರೆ ಗೀಟು, ವಿಚ್ಛೇದನವಾದವರಿಗೆ ಎರಡು. ಮದುವೆಯಾಗದೆ ಒಟ್ಟಿಗೆ ಬಾಳುವವರಿಗೆ ತುಂಡು ತುಂಡು ಗೆರೆ.

"ಅಯ್ಯೋ, ಇದು ನಮ್ಮ ಪೈಪೇ ಕಣೋ!" ಎಂದು ಗೆರೆಯಮ್ಮ ಕುರ್ಚಿಯಲ್ಲೇ ಕುಣಿದಳು. ಗೆರೆಗಳು ಅವೇ, ಕಚೇರಿಯಲ್ಲಿ ಅವುಗಳ ಅರ್ಥ ಬೇರೆಯಿತ್ತು, ಅಷ್ಟೇ.

ಅಲ್ಲಿಂದಾಚೆಗೆ ಅವಳನ್ನು ಹಿಡಿಯುವವರಿಲ್ಲದಾಯಿತು. ಮನೆತನ ಮನೆತನಗಳೇ ಅಂಗಡಿಯ ಬಾಗಿಲಿಗೆ ಬಂದವು. ವಿಚ್ಛೇದನ ಪಡೆದು ಏಳು ವರ್ಷದ ಮೇಲೆ ಮತ್ತೆ ಒಬ್ಬರನ್ನೊಬ್ಬರು ಮದುವೆಯಾದ ಗಂಡಹೆಂಡತಿ ಬಂದಾಗ ಸಾಫ್ಟ್‌ವೇರೇ ತಬ್ಬಿಬ್ಬಾಯಿತು. ಗೆರೆಯಮ್ಮ ಆಗಲಿಲ್ಲ. ಎರಡು ಗೀಟಿನ ಹಳೆಯ ಗೆರೆಯನ್ನು ಹಾಗೆಯೇ ಬಿಟ್ಟು ಅದರ ಕೆಳಗೊಂದು ಹೊಸ ಗೆರೆ ಎಳೆದಳು. ಹಳೆಯ ಪೈಪು ಅಗೆದು ತೆಗೆಯುವ ಗೋಜಿಗೆ ಹೋಗದೆ ಪಕ್ಕದಲ್ಲೇ ಹೊಸದು ಹಾಕುವುದು ಕಚೇರಿಯಲ್ಲೂ ರೂಢಿಯೇ. ಎಲ್ಲ ಮುಗಿದ ಮೇಲೆ ಯಾವ ಗೆರೆಗೆ ಏನರ್ಥ ಎಂದು ಹಾಳೆಯ ಕೆಳಗೆ ಬಲಮೂಲೆಯಲ್ಲಿ ಒಂದು ಪುಟ್ಟ ಚೌಕಟ್ಟು ಹಾಕಿ ಬರೆಯುವಳು. ಆ ಚೌಕಟ್ಟಿಲ್ಲದ ನಕ್ಷೆ ಗುಂಡಿಯಿಲ್ಲದ ಅಂಗಿ ಎಂಬುದು ಅವಳ ಮತ.

ಒಂದು ದಿನ ಊರ ಶಾಲೆಯ ಹೆಡ್‌ಮೇಡಂ ಬಂದರು. ತಾನು ಅವರ ಶಾಲೆ ಬಿಟ್ಟು ಹತ್ತು ವರ್ಷವಾಗಿದ್ದರೂ ಅವರು ಅಂಗಡಿಗೆ ಕಾಲಿಟ್ಟ ಕೂಡಲೇ ಸೋದರಳಿಯ ಎದ್ದು ನಿಂತ. ಮುಂದಿನ ಭಾನುವಾರ ಅವರ ಇಡೀ ಮನೆತನ ಸೇರುವುದಿತ್ತು. ಸಭಾಂಗಣದ ಗೋಡೆಗೆ ಹನ್ನೆರಡು ಅಡಿ ಉದ್ದದ ವಂಶವೃಕ್ಷ ಬೇಕಿತ್ತು. ಅವರ ಹಿಂದೆ ಅವರ ಯಜಮಾನರು ಫೈಲು ಹಿಡಿದು ನಿಂತಿದ್ದರು. ಹೆಂಡತಿಯ ಎದುರು ತುಟಿ ಪಿಟಕ್ಕೆನ್ನದ ಮನುಷ್ಯ ಎಂದು ಊರಿಗೆಲ್ಲ ಗೊತ್ತಿತ್ತು.

ಎಲ್ಲ ಸರಾಗವಾಗಿ ಸಾಗಿ ಹೆಡ್‌ಮೇಡಂ ಅವರ ಕೊನೆಯ ತಮ್ಮನ ಹತ್ತಿರ ನಿಂತಿತು. ಗಡಿಯಾರ ರಿಪೇರಿ ಮಾಡುವವನು. ಕನ್ನಡಕದ ಅಂಗಡಿಯವಳ ಜೊತೆ ಇಪ್ಪತ್ತೊಂದು ವರ್ಷದಿಂದ ಒಂದೇ ಸೂರಿನಡಿ ಇದ್ದ, ಮದುವೆಯಾಗಿರಲಿಲ್ಲ.

"ಅವನ ಪಕ್ಕ ಖಾಲಿ ಬಿಡಿ" ಎಂದರು ಹೆಡ್‌ಮೇಡಂ.

"ಖಾಲಿ ಇಲ್ವಲ್ಲ ಮೇಡಂ?"

"ಸಹಿ ಇಲ್ಲದ ಅರ್ಜಿ ನಾನು ಯಾವತ್ತೂ ತಗೊಂಡಿಲ್ಲ. ಖಾಲಿ ಅಂದ್ರೆ ಖಾಲಿ."

ಗೆರೆಯಮ್ಮನಿಗೆ ಕೆಡುಕೆನಿಸಿತು. ಕನ್ನಡಕದವಳು ಅವಳಿಗೆ ಹೊಸಬಳೇನಲ್ಲ. ಗೆರೆಯಮ್ಮನ ಮೂಗಿನ ಮೇಲಿದ್ದ ಕನ್ನಡಕ ಅವಳದೇ ಕೈಕೆಲಸ. ಆ ಮನೆತನದ ಪ್ರತಿ ಸಮಾರಂಭಕ್ಕೂ ಅವಳು ಹೋಗುತ್ತಾಳೆ, ನೀರು ಕೊಡುತ್ತಾಳೆ, ಮಕ್ಕಳ ಮೂಗು ಒರೆಸುತ್ತಾಳೆ ಎಂಬುದೂ ಗೊತ್ತು. ಎಲ್ಲರೂ ಫೋಟೋಗೆ ನಿಂತಾಗ ಕ್ಯಾಮೆರಾ ಯಾವಾಗಲೂ ಅವಳ ಕೈಗೇ ಬರುತ್ತದೆ. ಇಪ್ಪತ್ತೊಂದು ವರ್ಷದ ಆಲ್ಬಂ ತೆರೆದರೂ ಅವಳ ಮುಖ ಸಿಗುವುದಿಲ್ಲ.

ಶುಕ್ರವಾರ ಗೆರೆಯಮ್ಮನ ಕನ್ನಡಕದ ಕಡ್ಡಿ ಸಡಿಲವಾಗಿ, ಕನ್ನಡಕದವಳೇ ಪುಟ್ಟ ಸ್ಕ್ರೂಡ್ರೈವರ್ ಹಿಡಿದು ಅಂಗಡಿಗೆ ಬಂದಳು. ಪರದೆಯ ಮೇಲೆ ಆ ವಂಶವೃಕ್ಷವೇ ಇತ್ತು. ಮುಚ್ಚೋಣವೆಂದರೆ ಕನ್ನಡಕವಿಲ್ಲದ ಗೆರೆಯಮ್ಮನಿಗೆ ಮೌಸ್ ಎಲ್ಲಿದೆಯೆಂದೇ ಕಾಣದು. ಕನ್ನಡಕದವಳು ಗಡಿಯಾರದವನ ಚೌಕ ನೋಡಿದಳು, ಪಕ್ಕದ ಖಾಲಿ ಜಾಗ ನೋಡಿದಳು, ಸ್ಕ್ರೂ ಬಿಗಿ ಮಾಡಿದಳು.

"ಈಗ ಗೆರೆ ಎಲ್ಲಾ ಸರಿಯಾಗಿ ಕಾಣ್ತಾ ಇದೆಯಾ ಅಕ್ಕ?"

"ಕಾಣ್ತಿದೆ ಕಣಮ್ಮ" ಎಂದಳು ಗೆರೆಯಮ್ಮ. ಖಾಲಿ ಜಾಗವೂ ಕಾಣುತ್ತಿತ್ತು. "ಅಲ್ಲ, ನೀವಿಬ್ರೂ ಒಂದು ಸಹಿ ಹಾಕಿಬಿಟ್ರೆ ಏನಾಗ್ತಿತ್ತು?"

ಕನ್ನಡಕದವಳು ನಕ್ಕಳು. "ಮೊದಲನೇ ಮದುವೇಲಿ ಹಾಕಿದ್ದೆನಲ್ಲ. ಸಾಕ್ಷಿಗಳೇ ನಾಲ್ಕು ಜನ. ಆರು ತಿಂಗಳು ಬಾಳಿಕೆ ಬಂತು. ಈಗಿಂದು ಚೆನ್ನಾಗಿ ಓಡ್ತಾ ಇದೆ, ಯಾಕೆ ಬಿಚ್ಚಿ ನೋಡ್ಬೇಕು ಅಂತಾರೆ ನಮ್ಮ ಗಡಿಯಾರದವರು."

ಅವಳು ಹೋದ ಮೇಲೆ ಗೆರೆಯಮ್ಮ ಮತ್ತೆ ಪರದೆಯತ್ತ ತಿರುಗಿದಳು. ನೀರು ಹರಿಯುವ ಪೈಪನ್ನು ನಕ್ಷೆಯಿಂದ ಬಿಟ್ಟರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಏನೂ ಇಲ್ಲವೆಂದು ನಂಬಿ ಯಾರೋ ಗುದ್ದಲಿ ಹಾಕುತ್ತಾರೆ. ಮೂವತ್ತೆಂಟು ವರ್ಷದಲ್ಲಿ ಇದ್ದದ್ದನ್ನು ಇಲ್ಲವೆಂದು ಅವಳು ಒಮ್ಮೆಯೂ ಬರೆದಿರಲಿಲ್ಲ. ಬೈದರೆ ಬೈಯಲಿ ಎಂದು ಗಟ್ಟಿ ಮನಸ್ಸು ಮಾಡಿ ಖಾಲಿ ಜಾಗದಲ್ಲಿ ವೃತ್ತ ಹಾಕಿದಳು, ಹೆಸರು ಬರೆದಳು, ತುಂಡು ಗೆರೆ ಎಳೆದಳು.

"ಅತ್ತೆ, ಬೇಗ! ಪ್ರಿಂಟಿಗೆ ತಗೊಂಡು ಹೋಗೋರು ಬಂದಿದಾರೆ!" ಎಂದು ಸೋದರಳಿಯ ಕೂಗಿದ. ಮೂಲೆಯ ಚೌಕಟ್ಟು ಬಾಕಿಯಿತ್ತು. ಆ ಗಡಿಬಿಡಿಯಲ್ಲಿ ಗೆರೆಯಮ್ಮನ ಬೆರಳುಗಳು ತಾವಾಗಿಯೇ ನಾಲ್ಕು ಸಾಲು ಕುಟ್ಟಿದವು. ತಿರುಗಿ ಓದುವಷ್ಟು ಸಮಾಧಾನ ಅವತ್ತು ಅವಳಿಗಿರಲಿಲ್ಲ.

ಭಾನುವಾರ ಸುರುಳಿಯನ್ನು ಸಭಾಂಗಣಕ್ಕೆ ತಾನೇ ಹೊತ್ತೊಯ್ದಳು. ತಪ್ಪಾದರೆ ಬೈಗುಳ ಸೋದರಳಿಯನಿಗೆ ಬೀಳಬಾರದಲ್ಲ. ಗೋಡೆಗೆ ಹಾಳೆ ಏರುತ್ತಿದ್ದಂತೆ ಎಂಬತ್ತು ಜನ ಮುಗಿಬಿದ್ದು ತಮ್ಮ ತಮ್ಮ ಹೆಸರು ಹುಡುಕತೊಡಗಿದರು. ಹೆಡ್‌ಮೇಡಂ ಎಡತುದಿಯಿಂದ ಪರೀಕ್ಷೆಯ ಉತ್ತರಪತ್ರಿಕೆ ನೋಡುವ ಹಾಗೆ ನೋಡುತ್ತಾ ಬಂದು ಗಡಿಯಾರದವನ ಚೌಕದ ಮುಂದೆ ನಿಂತರು. ಕನ್ನಡಕದವಳು ಕಂಬದ ಪಕ್ಕ, ಕ್ಯಾಮೆರಾ ಎದೆಗವಚಿಕೊಂಡು ನಿಂತಿದ್ದಳು. ತನ್ನ ಹೆಸರು ಅವಳಿಗೂ ಕಂಡಿತ್ತು.

"ಇದೇನಿದು ತುಂಡು ಗೆರೆ?" ಎಂದು ಹೆಡ್‌ಮೇಡಂ ಮೂಲೆಯ ಚೌಕಟ್ಟಿಗೆ ಬಗ್ಗಿದರು. ಬಗ್ಗಿ, ಹಳೆಯ ಅಭ್ಯಾಸದಂತೆ ಇಡೀ ತರಗತಿಗೆ ಕೇಳುವ ಹಾಗೆ ಓದಿದರು. "ಪೂರ್ತಿ ಗೆರೆ: ಚಾಲ್ತಿಯಲ್ಲಿದೆ. ಒಂದು ಗೀಟು: ವಾಲ್ವ್ ಮುಚ್ಚಿದೆ. ಎರಡು ಗೀಟು: ಸಂಪರ್ಕ ಕಡಿತ. ತುಂಡು ಗೆರೆ: ಮಂಜೂರಾಗಿದೆ, ಕೆಲಸ ಬಾಕಿ."

ಗೆರೆಯಮ್ಮ ನಾಲಗೆ ಕಚ್ಚಿಕೊಂಡಳು. ಅಯ್ಯೋ ದೇವರೇ, ಅದು ನೀರಿನ ಕಚೇರಿಯ ಚೌಕಟ್ಟು! ಗಂಡಹೆಂಡಿರ ಗೆರೆಗಳಿಗೆ ಬೆರಳುಗಳು ಪೈಪಿನ ಅರ್ಥ ಬರೆದಿದ್ದವು. ಹಾಕಲು ಅನುಮತಿ ಸಿಕ್ಕಿ ಇನ್ನೂ ಹಾಕದ ಪೈಪಿಗೆ ಕಚೇರಿಯಲ್ಲಿ ತುಂಡು ಗೆರೆ.

ಸಭಾಂಗಣವೇ ಹಾರಿಹೋಗುವಂತೆ ನಗೆ ಎದ್ದಿತು. ಹೆಂಡತಿಯಿಂದ ಬೇರೆಯಿದ್ದ ಒಬ್ಬ ಭಾವ "ವಾಲ್ವ್ ಮುಚ್ಚಿದ್ದು ನಾನಲ್ಲಪ್ಪ, ಅವಳೇ!" ಎಂದು ಕಿರುಚಿದ. ಹಾಳೆಯ ಆಚೆ ತುದಿಯಿಂದ "ಸೋರ್ತಾ ಇತ್ತು, ಮುಚ್ದೆ!" ಎಂದು ಉತ್ತರ ಬಂತು. ನಗದಿದ್ದವರು ಹೆಡ್‌ಮೇಡಂ ಒಬ್ಬರೇ.

"ಮಂಜೂರಾಗಿದೆಯಾ?" ಎಂದರು. ನಗು ನಿಂತಿತು. "ಯಾರ್ರೀ ಮಂಜೂರು ಮಾಡಿದ್ದು?"

ಕನ್ನಡಕದವಳು ತಲೆ ತಗ್ಗಿಸಿದಳು. ಗಡಿಯಾರದವನು ಒಂದು ಹೆಜ್ಜೆ ಮುಂದಿಟ್ಟ. ತಪ್ಪು ತನ್ನದೆಂದು ಹೇಳಲು ಗೆರೆಯಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಯಾರೂ ಕೇಳಿರದ ಒಂದು ದನಿ ಬಂತು.

"ನಾನು."

ಫೈಲು ಹಿಡಿದ ಯಜಮಾನರು. ಎಂಬತ್ತು ತಲೆಗಳು ಅವರತ್ತ ತಿರುಗಿದವು. ಅವರು ಗಂಟಲು ಸರಿಮಾಡಿಕೊಂಡರು. "ಹತ್ತೊಂಬತ್ತು ವರ್ಷದ ಹಿಂದೆ ನನಗೆ ಟೈಫಾಯಿಡ್ ಬಂದಾಗ ಗಂಜಿ ತಂದವಳು ಈ ಹುಡುಗಿ. ನೀನು ಶಾಲೆಗೆ ಹೋಗಿದ್ದೆ. ಅವತ್ತೇ ಮಂಜೂರು ಮಾಡ್ದೆ. ನಿನಗೆ ಹೇಳೋಕೆ ಸಂದರ್ಭ ಸಿಗ್ಲಿಲ್ಲ."

ಹೆಡ್‌ಮೇಡಂ ಗಂಡನನ್ನು ಹೊಸಬರನ್ನು ನೋಡುವಂತೆ ನೋಡಿದರು. ತುಟಿ ಬಿಗಿಹಿಡಿದರು. ಹಿಡಿದದ್ದು ನಿಲ್ಲಲಿಲ್ಲ, ನಗು ಮೊದಲು ಮೂಗಿನಿಂದ, ಆಮೇಲೆ ಕಣ್ಣಿನಿಂದ, ಕೊನೆಗೆ ಇಡೀ ಮೈಯಿಂದ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಕಂಬದ ಹತ್ತಿರ ಹೋದರು.

"ಮಂಜೂರಾಗಿದೆಯಂತೆ. ಕೆಲಸ ಯಾವಾಗಮ್ಮ?"

"ಮೇಡಂ, ನೀರು ಬರ್ತಾ ಇದೆ" ಎಂದಳು ಕನ್ನಡಕದವಳು, ಅಳುತ್ತಲೋ ನಗುತ್ತಲೋ. "ಅಗೆಯೋದು ಬೇಡ."

"ಮೇಡಂ ಅಂತೆ ಮೇಡಂ! ನಾನೇನು ನಿನಗೆ ಪಾಠ ಹೇಳಿದೀನಾ? ಅತ್ತಿಗೆ ಅನ್ನು."

ಗೆರೆಯಮ್ಮ ನಾಚಿಕೆಯಿಂದ ಕುಗ್ಗಿ, ತಪ್ಪು ತಿದ್ದಲು ಪೆನ್ನು ತೆಗೆದಳು. ಹೆಡ್‌ಮೇಡಂ ಪೆನ್ನನ್ನು ಕಸಿದುಕೊಂಡು, ತುಂಡು ಗೆರೆಯ ಅರ್ಥದ ಮುಂದೆ ಉತ್ತರಪತ್ರಿಕೆಗೆ ಹಾಕುವ ಹಾಗೆ ದೊಡ್ಡದೊಂದು ಸರಿ ಗುರುತು ಹಾಕಿದರು. ಆಮೇಲೆ ಕನ್ನಡಕದವಳ ಕೈಯಿಂದ ಕ್ಯಾಮೆರಾ ತೆಗೆದು ಗೆರೆಯಮ್ಮನ ಕೈಗಿಟ್ಟರು.

"ನೀವು ಹಿಡೀರಿ. ಅವಳು ನಿಲ್ಬೇಕು."

ಎಲ್ಲರೂ ಗೋಡೆಯ ಮುಂದೆ ಸಾಲಾದರು. ಗೆರೆಯಮ್ಮ ಕ್ಯಾಮೆರಾದೊಳಗಿಂದ ನೋಡಿದಳು. ಹೊಸದಾಗಿ ಬಿಗಿಮಾಡಿದ ಕನ್ನಡಕದಲ್ಲಿ ಎಲ್ಲ ಸ್ಪಷ್ಟವಾಗಿತ್ತು. ಮೊದಲ ಸಾಲಿನಲ್ಲಿ ನಿಂತ ಕನ್ನಡಕದವಳಿಗೆ ತನ್ನೆರಡು ಕೈಗಳನ್ನು ಎಲ್ಲಿಡುವುದೆಂದೇ ತಿಳಿಯುತ್ತಿರಲಿಲ್ಲ. ಫೋಟೋ ತೆಗೆಯುವಾಗ ಕ್ಯಾಮೆರಾ ಇಲ್ಲದೆ ಅವು ಖಾಲಿಯಿದ್ದದ್ದು ಇದೇ ಮೊದಲು. ಗಡಿಯಾರದವನು ಒಂದನ್ನು ಹಿಡಿದುಕೊಂಡ. ಇನ್ನೊಂದನ್ನು ಹೆಡ್‌ಮೇಡಂ ಹಿಡಿದುಕೊಂಡರು.

"ಎಲ್ಲಾ ಬಂದ್ರಾ?" ಎಂದು ಅವರು ಅಲ್ಲಿಂದಲೇ ಕೂಗಿದರು.

ಗೆರೆಯಮ್ಮ ಇನ್ನೊಮ್ಮೆ ಎಡದಿಂದ ಬಲಕ್ಕೆ ನೋಡಿ ಖಚಿತ ಮಾಡಿಕೊಂಡಳು.

"ಬಂದ್ರು ಮೇಡಂ. ಎಲ್ಲಾ ಬಂದ್ರು."