ಗ್ಯಾರಂಟಿ ಕೇಳಿ ನಕ್ಕ ಆಪಾ

ಆಪಾ ನಡೆದರೆ ಎಡಗಾಲಿನ ಚಪ್ಪಲಿ ನೆಲ ಗುಡಿಸುತ್ತ ಬರುತ್ತಿತ್ತು. ಬೀದರಿನ ಚಿದ್ರಿಯಲ್ಲಿದ್ದ ನಮ್ಮ ಓಣಿಗೆ ಆ ಸರಸರ ಸದ್ದು ಮೊದಲು ಬರುತ್ತಿತ್ತು, ಅವರ ನಗು ಆಮೇಲೆ. "ಗಲ್ಲಿ ಕಸಾ ಹೊಡ್ಕೋತ ಹೊಂಟೀನಿ, ನಗರಸಭಿಯವರು ನಂಗ ಪಗಾರ ಕೊಡಬೇಕು ನೋಡ್ರಿ" ಎನ್ನುತ್ತಿದ್ದರು. ಓಣಿಯವರೆಲ್ಲ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ ಅವರು ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಅವರಿಗೆ ಬಹಳ ಹಿಂದೆಯೇ ಬಂದು ಆ ಕಾಲಿನ ಬಲ ಕುಂದಿಸಿತ್ತು.

ಅದೇ ಕಾಯಿಲೆ ನನಗೂ ಬಂತು. ಭಾಲ್ಕಿಯ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿದ್ದ ನನಗೆ ಪಾಠ ಮಾಡುವಾಗ ಒಂದು ಕಣ್ಣು ಮಂಜಾಯಿತು, ಕಾಲು ಜೋಮು ಹಿಡಿಯಿತು. ದೇಹದ ರಕ್ಷಣಾ ಶಕ್ತಿಯೇ ನರಗಳ ಹೊದಿಕೆಯನ್ನು ಕೆಡಿಸುತ್ತಿದೆ, ಪೂರ್ತಿ ವಾಸಿಯಾಗದು, ಆದರೆ ಔಷಧದಿಂದ ಹತೋಟಿಯಲ್ಲಿಡಬಹುದು ಎಂದರು ಡಾಕ್ಟರು. ಅವ್ವ "ವಾಸಿಯಾಗದು" ಎಂಬುದನ್ನಷ್ಟೇ ಕೇಳಿಸಿಕೊಂಡು ಅತ್ತಳು. ಅಷ್ಟರಲ್ಲಿ ಔರಾದ ತಾಲ್ಲೂಕಿನ ಡಾಬಕಾದಿಂದ ಮಾಮ ಒಂದು ವಿಡಿಯೋ ಕಳಿಸಿದ. ದೂರದ ನಗರದ ಕ್ಲಿನಿಕ್ಕೊಂದರಲ್ಲಿ ಸ್ಟೆಮ್ ಸೆಲ್ ಎಂಬ ಆಕರಕೋಶಗಳನ್ನು ಮೈಗೆ ಹಾಕಿಸಿಕೊಂಡವನೊಬ್ಬ ಗಾಲಿಕುರ್ಚಿಯಿಂದೆದ್ದು ನಡೆಯುತ್ತಿದ್ದ. ಹೋಗಲೇಬೇಕೆಂದು ಅವ್ವ ಹಟ ಹಿಡಿದಳು. ನನಗೂ ಆಸೆ.

ಆಪಾ ತಡೆಯಲಿಲ್ಲ. "ನಡೀ ಬೇಟಾ, ನಾನೂ ಬರ್ತೇನಿ. ಕಾಲು ನೆಟ್ಟಗಾದ್ರ ನಂಗೇನು ಬ್ಯಾಡಾ?" ಎಂದು ಬುರ್ಖಾ ತೊಟ್ಟು ಹೊರಟೇಬಿಟ್ಟರು.

ಕ್ಲಿನಿಕ್ಕಿನಲ್ಲಿ ಬಿಳಿ ಕೋಟಿನವನು ನಮಗೆ ತಂಪು ಪಾನೀಯ ಕೊಟ್ಟು, ಗುಣವಾಗುವುದು ಗ್ಯಾರಂಟಿ ಎಂದ.

"ವಿಡಿಯೋದಾಗಿನ ಆ ಮನುಷ್ಯಾ ಈಗ ಹ್ಯಾಂಗ ಅದಾನ್ರಿ?" ಆಪಾ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಗುಣವಾಗದವರು ಎಷ್ಟು ಮಂದಿ ಎಂದರೆ ಒಬ್ಬರೂ ಇಲ್ಲವೆಂದ. ನಮ್ಮ ಡಾಕ್ಟರು ಕೊಟ್ಟ ಔಷಧವನ್ನು ಮೊದಲು ನಿಲ್ಲಿಸಿ ಬರಬೇಕೆಂದೂ ಹೇಳಿದ.

ಆಪಾ ಗೊಳ್ಳೆಂದು ನಕ್ಕರು. "ನಾ ಸಾಲಿ ಕಲಿಸಿದಾಕಿ ಇದೀನ್ರಿ. ಒಂದ್ ಹುಡುಗನೂ ಫೇಲ್ ಆಗಂಗಿಲ್ಲ ಅನ್ನೋ ಸಾಲಿಗಿ ನಮ್ಮ ಮಕ್ಕಳಿಗಿ ಹಾಕಂಗಿಲ್ಲ."

ಚಿಕಿತ್ಸೆ ಬೇಡವೆಂದು ಹೊರಬಂದಾಗ ಮಾತ್ರ ಅವರ ಮುಖ ಬಾಡಿತ್ತು. ಬಸ್ಸಿನಲ್ಲಿ ಮೆಲ್ಲಗೆ ಹೇಳಿದರು: "ಖರೇ ಹೇಳ್ಲೇನು? ನಿನ್ನಿ ಕನಸಿನಾಗ ನಾ ಓಡಿದ್ದೆ." ನಾನು ಅವರ ಕೈ ಹಿಡಿದೆ. ಜಹೀರಾಬಾದ ದಾಟುವಷ್ಟರಲ್ಲಿ ಮಿರ್ಚಿ ಭಜಿ ಕೊಂಡು, ಇಡೀ ಬಸ್ಸಿಗೆ ಆ ಬಿಳಿ ಕೋಟಿನವನ ಅಣಕ ಮಾಡಿ ತೋರಿಸುತ್ತಿದ್ದರು.

ನಮ್ಮ ಡಾಕ್ಟರೂ ಆಮೇಲೆ ಬಿಡಿಸಿ ಹೇಳಿದರು. ಸ್ಟೆಮ್ ಸೆಲ್ ಬಗ್ಗೆ ಸಂಶೋಧನೆ ನಡೆದಿರುವುದು ನಿಜ. ದೊಡ್ಡ ಆಸ್ಪತ್ರೆಗಳಲ್ಲಿ ಆಯ್ದ ಕೆಲವರಿಗೆ, ಅಪಾಯಗಳನ್ನು ತಿಳಿಸಿಯೇ ಒಂದು ಬಗೆಯ ಚಿಕಿತ್ಸೆ ಮಾಡುತ್ತಾರೆ. ಆ ಕ್ಲಿನಿಕ್ಕು ಮಾರುತ್ತಿದ್ದುದು ಅದಲ್ಲ.

ಅವ್ವನಿಗೆ ಸಮಾಧಾನವಾಗಲಿಲ್ಲ. ಆಪಾ ಅವರ ಮನೆಗೇ ಹೋಗಿ ಜಗಳ ತೆಗೆದಳು: "ಒಂದ್ ವೇಳೆ ಆರಾಮ ಆಗ್ತಿದ್ರ? ನೀವ್ಯಾಕ ನಡುವ ಬಂದ್ರಿ?"

ಆಪಾ ಅವಳನ್ನು ಪಕ್ಕಕ್ಕೆ ಕೂಡಿಸಿಕೊಂಡರು. "ನಾಳಿ ಖರೇ ದವಾ ಬಂದ್ರ ನಾನೇ ನಿನ್ನ ಮಗಳಿಗಿ ಎಳ್ಕೊಂಡು ಹೋಗ್ತೇನಿ. ಅಲ್ಲೀತನಕ ಆಕಿಗಿ ಚೆಂದ ಇಟ್ಕೋಬೇಕಲ್ಲ ತಂಗಿ?"

ಅವ್ವ ಚಹಾ ಕುಡಿದು ಬಂದಳು. ಮರುದಿನದಿಂದ ನನ್ನ ಔಷಧದ ಹೊತ್ತನ್ನು ಅವಳೇ ನೆನಪಿಸತೊಡಗಿದಳು.

ಹೋದ ಚಳಿಗಾಲದಲ್ಲಿ ಆಪಾ ಹೃದಯಾಘಾತದಿಂದ ತೀರಿಕೊಂಡರು. ಅವರು ಹೇಳಿದ ಆ ಖರೇ ದವಾ, ಪೂರ್ತಿ ವಾಸಿಮಾಡುವ ಔಷಧ, ಇನ್ನೂ ಬಂದಿಲ್ಲ. ನಾನು ಚೆಂದ ಇದ್ದೇನೆ.